ಕಿತ್ತೂರು ನಾಡಿನಲ್ಲಿ ಕ್ರೈಸ್ತ ದೀಕ್ಷೆ: ಮಾನಸಾಂತರವೂ ಪಂಕ್ತಿಭೇದವೂ

೧

ಖಾನಾಪುರ ಸೀಮೆಯ ಕನಕುಂಬಿಯಲ್ಲಿ ಹುಟ್ಟುವ ಮಲಪ್ರಭೆಯು ಬೈಲಹೊಂಗಲ, ಸವದತ್ತಿ, ರಾಮದುರ್ಗಗಳ ನೆಲವನ್ನು ಹಾಯ್ದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಈ ನದಿಯ ಎರಡು ದಡಗಳ ಜನಕ್ಕೆ ಮುಕ್ತಿ, ದೀಕ್ಷೆ, ಗುರುಕೃಪೆ, ಪ್ರಸಾದ ಎಂಬ ಮಾತುಗಳು ಹೊಸವಲ್ಲ. ವೀರಶೈವ ಮಠಗಳು ಇಲ್ಲಿನ ಊರೂರುಗಳಲ್ಲಿ ನೆಲೆಸಿದ್ದವು. ಕಿತ್ತೂರಿನ ದೇಸಾಯಿ ಮನೆತನವೇ ಆ ಮತವನ್ನು ಅವಲಂಬಿಸಿದ್ದಿತು. ಸವದತ್ತಿಯ ಗುಡ್ಡದ ಎಲ್ಲಮ್ಮನಿಗೆ ಹರಕೆ ಹೊತ್ತವರು ನಾಡಿನ ನಾಲ್ಕೂ ದಿಕ್ಕಿನಿಂದ ಬರುತ್ತಿದ್ದರು. ಇಂತಹ ನಾಡಿನಲ್ಲಿ ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ 'ರಕ್ಷಣೆ' ಎಂಬ ಇನ್ನೊಂದು ಬೋಧೆಯು ಕೇಳಿಬಂದಿತು. ಯೇಸುಕ್ರಿಸ್ತನಲ್ಲಿ ನಂಬಿಕೆಯಿಟ್ಟು, ಪಾಪವನ್ನು ಅರಿಕೆಮಾಡಿಕೊಂಡು, ದೀಕ್ಷಾಸ್ನಾನವನ್ನು ಹೊಂದಿದವನು ಹೊಸದಾಗಿ ಹುಟ್ಟುವನೆಂಬುದು ಅದರ ಸಾರ.

ಈ ಬೋಧೆಯನ್ನು ಕೇಳಿದವರು ಬಹು ಮಂದಿ, ಅಂಗೀಕರಿಸಿದವರು ಕೆಲವರು. ಇದಕ್ಕೆ ಕಾರಣವನ್ನು ಹೇಳುವಾಗ ಒಂದು ಪಕ್ಷದವರು ಬೋಧೆಯು ಪರಕೀಯವಾಗಿದ್ದುದರಿಂದ ಜನಕ್ಕೆ ತಿಳಿಯಲಿಲ್ಲವೆನ್ನುತ್ತಾರೆ. ಇನ್ನೊಂದು ಪಕ್ಷದವರು ಅಂಗೀಕರಿಸಿದವರು ಕೇವಲ ಲೌಕಿಕ ಪ್ರಯೋಜನಕ್ಕಾಗಿ ಅಂಗೀಕರಿಸಿದರೆನ್ನುತ್ತಾರೆ. ಇತಿಹಾಸವನ್ನು ಪರಿಶೀಲಿಸಿದರೆ ಈ ಎರಡು ಅಭಿಪ್ರಾಯಗಳೂ ಪೂರ್ಣವಾಗಿ ನಿಲ್ಲುವುದಿಲ್ಲ. ಬೋಧೆಯು ಜನಕ್ಕೆ ತಿಳಿಯಿತು. ಅದರ ಮುಖ್ಯ ಶಬ್ದಗಳು ಅವರ ಮನೆಯ ಶಬ್ದಗಳೇ ಆಗಿದ್ದವು. ಅಡ್ಡಿಯು ಶಬ್ದದಲ್ಲಿರಲಿಲ್ಲ, ಊಟದ ಪಂಕ್ತಿಯಲ್ಲಿದ್ದಿತು. ಮತ್ತು ಒಂದು ವರ್ಗದವರಿಗೆ ಗೋಡೆಯಾಗಿ ನಿಂತ ಆ ಪಂಕ್ತಿಯೇ ಇನ್ನೊಂದು ವರ್ಗದವರಿಗೆ ಬಾಗಿಲಾಯಿತು. ಈ ಪ್ರಮೇಯವನ್ನು ಮುಂದೆ ಕ್ರಮವಾಗಿ ವಿಚಾರಿಸಲಾಗಿದೆ.

೨

ಮೊದಲು ರಾಜಕೀಯ ಸಂದರ್ಭವನ್ನು ತಿಳಿಯತಕ್ಕದ್ದು. ೧೮೧೮ರಲ್ಲಿ ಪೇಶವೆಯ ಆಳಿಕೆ ಮುಗಿದು ಈ ಪ್ರಾಂತವು ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿತು. ಕಿತ್ತೂರಿನ ದೇಸಗತಿ ಮಾತ್ರ ಉಳಿದಿದ್ದಿತು. ೧೮೨೪ರ ಸೆಪ್ಟೆಂಬರಿನಲ್ಲಿ ದೇಸಾಯಿ ಶಿವಲಿಂಗರುದ್ರಸರ್ಜನು ಮಕ್ಕಳಿಲ್ಲದೆ ತೀರಿಕೊಂಡಾಗ ದತ್ತಕವನ್ನು ಕಂಪನಿಯವರು ಒಪ್ಪಲಿಲ್ಲ. ಅದೇ ವರ್ಷ ಅಕ್ಟೋಬರ್ ೨೩ರಂದು ಧಾರವಾಡದ ಕಲೆಕ್ಟರ್ ಥ್ಯಾಕರೆಯು ಕಿತ್ತೂರು ಕೋಟೆಯ ಮುಂದೆ ಹತನಾದನು. ಡಿಸೆಂಬರಿನಲ್ಲಿ ಕೋಟೆ ಬಿದ್ದಿತು. ರಾಣಿ ಚೆನ್ನಮ್ಮನು ಬೈಲಹೊಂಗಲದ ಸೆರೆಯಲ್ಲಿ ೧೮೨೯ರ ಫೆಬ್ರುವರಿ ೨ರಂದು ದೇಹವಿಟ್ಟಳು. ಸಂಗೊಳ್ಳಿ ರಾಯಣ್ಣನನ್ನು ೧೮೩೧ರ ಜನವರಿಯಲ್ಲಿ ನಂದಗಡದಲ್ಲಿ ಗಲ್ಲಿಗೇರಿಸಿದರು. ಬೈಲಹೊಂಗಲ ಮತ್ತು ಕಿತ್ತೂರುಗಳು ಆಗಿನ ಸಂಪಗಾವಿ ತಾಲೂಕಿಗೂ, ಸವದತ್ತಿಯು ಪರಸಗಡ ತಾಲೂಕಿಗೂ ಸೇರಿದವು. ರಾಮದುರ್ಗವು ಭಾವೆ ಮನೆತನದ ಸಂಸ್ಥಾನವಾಗಿ ೧೯೪೮ರ ವಿಲೀನದವರೆಗೂ ಬೇರೆಯಾಗಿಯೇ ಉಳಿಯಿತು.

ಕ್ರೈಸ್ತ ಬೋಧಕರು ಈ ನಾಡಿಗೆ ಎರಡು ದಿಕ್ಕಿನಿಂದ ಬಂದರು. ಲಂಡನ್ ಮಿಶನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ ೧೮೧೦ರಲ್ಲಿ ಬಳ್ಳಾರಿಯಲ್ಲಿ ನೆಲೆನಿಂತಿದ್ದನು. ಅಲ್ಲಿಂದ ಜೋಸೆಫ್ ಟೇಲರ್ ೧೮೨೦ರಲ್ಲಿ ಬೆಳಗಾವಿಗೆ ಬಂದು ಕೆಲಸವನ್ನು ಉಪಕ್ರಮಿಸಿದನು. ತರುವಾಯ ವಿಲಿಯಂ ಬೆಯ್ನನ್ ಅವನೊಡನೆ ಸೇರಿ ಬಹುಕಾಲ ದುಡಿದನು. ಬೆಳಗಾವಿಯ ಬೆಯ್ನನ್ ಸ್ಮಿತ್ ಶಾಲೆಯು ಅವನ ಹೆಸರನ್ನು ಉಳಿಸಿಕೊಂಡಿದೆ. ಎರಡನೆಯದು ಸ್ವಿಟ್ಜರ್ಲೆಂಡಿನಲ್ಲಿ ೧೮೧೫ರಲ್ಲಿ ಸ್ಥಾಪಿತವಾದ ಬಾಸೆಲ್ ಮಿಶನ್. ಕಂಪನಿಯ ೧೮೩೩ರ ಸನದು ಬ್ರಿಟಿಷರಲ್ಲದ ಪಾದ್ರಿಗಳಿಗೂ ದಾರಿಯನ್ನು ತೆರೆದ ಮೇಲೆ, ಹೆಬಿಕ್, ಲೆಹ್ನರ್, ಗ್ರೈನರ್ ಎಂಬ ಮೂವರು ೧೮೩೪ರಲ್ಲಿ ಮಂಗಳೂರಿಗೆ ಬಂದರು. ೧೮೩೭ರಲ್ಲಿ ಧಾರವಾಡ, ೧೮೩೯ರಲ್ಲಿ ಹುಬ್ಬಳ್ಳಿ, ೧೮೪೧ರಲ್ಲಿ ಬೆಟಗೇರಿ, ಹೀಗೆ ಅವರ ಠಾಣೆಗಳು ಘಟ್ಟದ ಮೇಲೆ ಬೆಳೆದವು. ಕಿತ್ತೂರು ಬೆಳಗಾವಿ ಧಾರವಾಡಗಳ ನಡುವಣ ಹೆದ್ದಾರಿಯ ಮೇಲಿರುವುದರಿಂದ, ಎರಡೂ ಮಿಶನ್ನುಗಳ ಸಂಚಾರಮಾರ್ಗಗಳ ನಡುವೆ ಈ ನಾಡು ಬಿದ್ದಿತು.

ರಾಣಿಯು ಸೆರೆಯಲ್ಲಿ ತೀರಿಕೊಂಡು ಎಂಟು ವರ್ಷ ತುಂಬುವಷ್ಟರಲ್ಲಿ ಧಾರವಾಡದ ಠಾಣೆ ಹುಟ್ಟಿತೆಂಬುದನ್ನು ಮರೆಯಬಾರದು. ಬಾಸೆಲ್ಲಿನವರು ಜರ್ಮನ್ ಭಾಷೆಯವರು, ಸರ್ಕಾರದ ನೌಕರರಲ್ಲ. ಅವರಲ್ಲಿ ಅನೇಕರು ವ್ಯುರ್ಟೆಂಬರ್ಗಿನ ಸಾಮಾನ್ಯ ಮನೆತನಗಳಿಂದ ಬಂದವರು. ಆದರೂ ಹಳ್ಳಿಯ ಚಾವಡಿಯಲ್ಲಿ ನಿಂತ ಬಿಳಿಯ ಬೋಧಕನಿಗೂ ಕೋಟೆಯನ್ನು ಕೆಡವಿದ ಬಿಳಿಯ ಅಧಿಕಾರಿಗೂ ಇರುವ ಭೇದವನ್ನು ಗುರುತಿಸುವುದು ಕೇಳುವವರಿಗೆ ಸುಲಭವಾಗಿರಲಿಲ್ಲ.

೩

ಇನ್ನು ಶಬ್ದಗಳ ವಿಚಾರ. ಹ್ಯಾಂಡ್ಸ್ ಮತ್ತು ಅವನ ಸಹಾಯಕರ ಶ್ರಮದಿಂದ ೧೮೩೧ರಲ್ಲಿ ಸತ್ಯವೇದವು ಸಂಪೂರ್ಣವಾಗಿ ಕನ್ನಡಕ್ಕೆ ಬಂದಿತು. ಮುಂದೆ ಬಾಸೆಲ್ಲಿನ ವೈಗಲ್ ಮೊದಲಾದವರು ಅದರ ಪರಿಷ್ಕರಣದಲ್ಲಿ ತೊಡಗಿದರು. ಭಾಷಾಂತರಕಾರರಿಗೆ ಎದುರಾದ ಕಷ್ಟವು ಸಾಮಾನ್ಯವಾದುದಲ್ಲ. ಕ್ರೈಸ್ತ ಧರ್ಮದ ಪ್ರತಿಯೊಂದು ಮುಖ್ಯ ಕಲ್ಪನೆಗೂ ಕನ್ನಡದಲ್ಲಿ ಶಬ್ದವಿದ್ದಿತು; ಆದರೆ ಪ್ರತಿಯೊಂದು ಶಬ್ದಕ್ಕೂ ಅದಾಗಲೇ ಒಬ್ಬ ಒಡೆಯನಿದ್ದನು.

'ಮೋಕ್ಷ', 'ಮುಕ್ತಿ' ಎಂದರೆ ಜನ್ಮಪರಂಪರೆಯಿಂದ ಬಿಡುಗಡೆಯೆಂದು ಕನ್ನಡಿಗನು ತಿಳಿಯುವನು. ಪಾದ್ರಿಯು ಹೇಳಬೇಕಾದುದು ಜನ್ಮದಿಂದ ಬಿಡುಗಡೆಯನ್ನಲ್ಲ, ಪಾಪದಿಂದಲೂ ಅದರ ದಂಡನೆಯಿಂದಲೂ ಬಿಡುಗಡೆಯನ್ನು. ಆದುದರಿಂದ 'ರಕ್ಷಣೆ', 'ರಕ್ಷಕ' ಎಂಬ ಶಬ್ದಗಳು ಮುಂದೆ ಬಂದವು. ರಕ್ಷಣೆಯೆಂಬುದು ದಾರ್ಶನಿಕ ಶಬ್ದವಲ್ಲ. ಹೊಳೆಯಲ್ಲಿ ಮುಳುಗುವವನನ್ನು ದಡಕ್ಕೆ ಎಳೆಯುವುದೂ ರಕ್ಷಣೆಯೇ. ಆದುದರಿಂದಲೇ ಅದು ಹೊಸ ಅರ್ಥವನ್ನು ಹೊರಬಲ್ಲುದಾಯಿತು. ಗ್ರೀಕಿನ 'ಮೆಟಾನೊಯ' ಎಂಬುದಕ್ಕೆ 'ಪಶ್ಚಾತ್ತಾಪ'ವೆಂಬ ಹಳೆಯ ಮಾತಿನ ಜೊತೆಗೆ 'ಮಾನಸಾಂತರ'ವೆಂಬ ಮಾತು ಸತ್ಯವೇದದಲ್ಲಿಯೂ ಸಭೆಯ ರೂಢಿಯಲ್ಲಿಯೂ ನೆಲೆಗೊಂಡಿತು. ಮಾಡಿದ ತಪ್ಪಿಗಾಗಿ ಮರುಗುವುದಷ್ಟೇ ಅಲ್ಲದೆ, ಮನಸ್ಸೇ ಬೇರೊಂದಾಗುವುದು ಎಂಬ ಮೂಲಾರ್ಥವನ್ನು ಇದು ಚೆನ್ನಾಗಿ ತೋರಿಸುತ್ತದೆ.

ಎಲ್ಲಕ್ಕಿಂತ ಗಮನಾರ್ಹವಾದುದು 'ದೀಕ್ಷಾಸ್ನಾನ'ವೆಂಬ ಶಬ್ದ. ಗ್ರೀಕಿನ ರೂಪವನ್ನೇ ಇಟ್ಟುಕೊಂಡು 'ಬಾಪ್ತಿಸ್ಮ'ವೆನ್ನುವ ರೂಢಿಯೂ ಉಂಟು. ಕಥೋಲಿಕರಲ್ಲಿ 'ಜ್ಞಾನಸ್ನಾನ'ವೆಂಬುದು ಬಳಕೆಯಲ್ಲಿದೆ. ಆದರೆ ದೀಕ್ಷಾಸ್ನಾನವೆಂದಾಗ, ಕಿತ್ತೂರು ನಾಡಿನ ಒಕ್ಕಲಿಗನಿಗೆ ತನ್ನ ಮಠದ ಲಿಂಗದೀಕ್ಷೆಯು ನೆನಪಾಗದೆ ಇರದು. ಹೋಲಿಕೆಯು ಶಬ್ದಮಾತ್ರದ್ದಲ್ಲ. ವೀರಶೈವ ಸಿದ್ಧಾಂತದಲ್ಲಿ ದೀಕ್ಷೆಯನ್ನು ಹೊಂದಿದವನು ಗುರುವಿನ ಕರದಿಂದ ಮತ್ತೆ ಹುಟ್ಟಿದವನು, ಅವನ ಪೂರ್ವಾಶ್ರಯವು ಕಳೆದುಹೋಯಿತು, ಭವಿಯಾಗಿದ್ದವನು ಭಕ್ತನಾದನು, ಅವನ ಹಿಂದಿನ ಕುಲವನ್ನು ಕೇಳಲಾಗದು. ಕ್ರೈಸ್ತ ಬೋಧಕನು 'ಹೊಸದಾಗಿ ಹುಟ್ಟುವುದು' ಎಂದಾಗ, 'ಹಳೆಯ ಮನುಷ್ಯನು ಸತ್ತನು' ಎಂದಾಗ, ಕೇಳುವವನಿಗೆ ಅದು ಕಂಡರಿಯದ ಮಾತೇನೂ ಆಗಿರಲಿಲ್ಲ.

ಭೇದಗಳೂ ಆಳವಾಗಿದ್ದವು. ವೀರಶೈವದಲ್ಲಿ ದೀಕ್ಷೆಯು ಆಣವ, ಮಾಯಾ, ಕಾರ್ಮಿಕಗಳೆಂಬ ಮಲತ್ರಯವನ್ನು ತೊಳೆದು ಜೀವನನ್ನು ಷಟ್‌ಸ್ಥಲದ ಏಣಿಯ ಮೇಲೆ ನಿಲ್ಲಿಸುತ್ತದೆ. ಕೊನೆಯ ಮೆಟ್ಟಿಲು ಲಿಂಗಾಂಗಸಾಮರಸ್ಯ, ಐಕ್ಯ. ಕ್ರೈಸ್ತ ಬೋಧೆಯಲ್ಲಿ ರಕ್ಷಣೆಯು ಯೆಹೂದ್ಯ ದೇಶದಲ್ಲಿ ಒಂದು ಕಾಲದಲ್ಲಿ ಒಂದೇ ಸಲ ನಡೆದ ಶಿಲುಬೆಯ ಮರಣವನ್ನು ಆಶ್ರಯಿಸಿದೆ. ಜೀವನು ದೇವರಲ್ಲಿ ಲೀನನಾಗುವುದಿಲ್ಲ, ದೇವರ ಮಗನೆನ್ನಿಸಿಕೊಳ್ಳುತ್ತಾನೆ. ಒಂದರಲ್ಲಿ ಗುರುವು ಕಣ್ಣೆದುರಿಗಿದ್ದಾನೆ. ಇನ್ನೊಂದರಲ್ಲಿ ಬೋಧಕನು ತಾನು ಗುರುವಲ್ಲವೆಂದೂ ಸಾಕ್ಷಿಯೆಂದೂ ಹೇಳಿಕೊಳ್ಳುತ್ತಾನೆ.

ಈ ಭೇದಾಭೇದಗಳನ್ನು ಪಾದ್ರಿಗಳು ಅರಿಯದೆ ಇರಲಿಲ್ಲ. ಮೋಗ್ಲಿಂಗನು ಬಿಬ್ಲಿಯೊಥೆಕಾ ಕರ್ನಾಟಿಕಾ ಮಾಲೆಯಲ್ಲಿ ಬಸವಪುರಾಣವನ್ನೂ ದಾಸರ ಪದಗಳನ್ನೂ ಅಚ್ಚುಹಾಕಿಸಿದನು. ವ್ಯುರ್ತ್ ಎಂಬವನು ಬಸವಪುರಾಣ, ಚೆನ್ನಬಸವಪುರಾಣಗಳ ಸಾರವನ್ನು ಇಂಗ್ಲಿಷಿನಲ್ಲಿ ಬರೆದು ಮುಂಬಯಿಯ ಏಶಿಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟಿಸಿದನು. ೧೮೫೩ರಲ್ಲಿ ಬಂದ ಕಿಟೆಲ್ಲನು ೧೮೬೨ರಲ್ಲಿ ಕ್ರಿಸ್ತನ ಚರಿತ್ರೆಯನ್ನು ಕನ್ನಡ ಛಂದಸ್ಸಿನಲ್ಲಿ ಕಟ್ಟಿ 'ಕಥಾಮಾಲೆ'ಯೆಂದು ಹೆಸರಿಟ್ಟನು. ಅವನ ಕೋಶವು ೧೮೯೪ರಲ್ಲಿ ಹೊರಬಂದಿತು. ಕನ್ನಡ ಸಾಹಿತ್ಯಕ್ಕೆ ಇವರು ಸಲ್ಲಿಸಿದ ಸೇವೆಯನ್ನು ಎಲ್ಲರೂ ಬಲ್ಲರು. ಇಲ್ಲಿ ಗಮನಿಸತಕ್ಕುದು ಇಷ್ಟೇ: ರಕ್ಷಣೆಯ ಮಾತನ್ನು ಕನ್ನಡಿಗನ ಕಿವಿಗೆ ತಲುಪಿಸುವ ಕಾರ್ಯವೇ ಅವರನ್ನು ಕನ್ನಡದ ಹಳೆಯ ಗ್ರಂಥಗಳ ಕಡೆಗೆ ಎಳೆಯಿತು.

೪

ಶಬ್ದದ ಸಾಮ್ಯವು ಎಷ್ಟು ದೂರ ಕರೆದೊಯ್ಯಬಲ್ಲುದು, ಎಲ್ಲಿ ನಿಲ್ಲುವುದು ಎಂಬುದನ್ನು ತೋರಿಸುವ ಪ್ರಸಂಗವೊಂದು ಈ ನಾಡಿಗೆ ಹೊಂದಿಕೊಂಡ ಹುಬ್ಬಳ್ಳಿ ಗದಗುಗಳ ಸೀಮೆಯಲ್ಲಿ ನಡೆಯಿತು. ಭಾಷೆ, ಮಠ, ಒಕ್ಕಲುತನಗಳಲ್ಲಿ ಆ ಸೀಮೆಗೂ ಮಲಪ್ರಭೆಯ ಸೀಮೆಗೂ ಭೇದವಿಲ್ಲದ್ದರಿಂದ ಅದರ ಪಾಠವು ಎರಡಕ್ಕೂ ಒಂದೇ.

ವೀರಶೈವ ಪರಂಪರೆಯಲ್ಲಿ 'ಕಾಲಜ್ಞಾನ'ವೆಂಬ ಭವಿಷ್ಯಸಾಹಿತ್ಯವು ಬಹುಕಾಲದಿಂದ ಬಳಕೆಯಲ್ಲಿದೆ. ಕಲ್ಯಾಣವು ಕೆಟ್ಟ ಮೇಲೆ ಮುಂದೊಂದು ಕಾಲದಲ್ಲಿ ವೀರವಸಂತರಾಯನು ಬಂದು ಧರ್ಮವನ್ನು ನಿಲ್ಲಿಸುವನೆಂಬ ನಂಬಿಕೆಯು ಅದರಲ್ಲಿ ಪ್ರಸಿದ್ಧವಾಗಿದೆ. ಕೊಡೇಕಲ್ಲಿನ ಬಸವಣ್ಣನ ಪರಂಪರೆಯವರು ಇಂತಹ ವಾಣಿಗಳನ್ನು ವಿಶೇಷವಾಗಿ ಕಾಪಾಡಿಕೊಂಡು ಬಂದರು. ೧೮೩೯-೪೦ರ ಸುಮಾರಿಗೆ ಕಾಲಜ್ಞಾನವನ್ನು ನಂಬಿದ ಕೆಲವು ಗುಂಪುಗಳ ಮುಖಂಡರು ಬಾಸೆಲ್ ಮಿಶನ್ನಿನವರ ಬಳಿಗೆ ತಾವಾಗಿಯೇ ಬಂದರು. ವಿಗ್ರಹಪೂಜೆಯು ಅಳಿದು ಜಾತಿಗಳು ಒಂದಾಗುವ ಕಾಲವು ಬರುವುದೆಂದು ಅವರ ವಾಣಿಯಲ್ಲಿದ್ದಿತು. ಪಾದ್ರಿಗಳ ಬೋಧೆಯಲ್ಲಿ ಅವರು ಆ ಮಾತನ್ನೇ ಕೇಳಿದರು. ಪಾದ್ರಿಗಳು ತಮ್ಮ ಕಡೆಯಿಂದ, ಹೊಲವು ಕೊಯ್ಲಿಗೆ ಬಂದಿದೆಯೆಂದೇ ಭಾವಿಸಿದರು. ಹಳ್ಳಿಹಳ್ಳಿಗಳೇ ಸತ್ಯವೇದವನ್ನು ಒಪ್ಪುವುವೆಂಬ ನಿರೀಕ್ಷೆಯು ಯೂರೋಪಿನವರೆಗೂ ಹೋಯಿತು.

ಹೀಗೆ ಒಪ್ಪುವವರು ತಮ್ಮ ಊರುಗಳಲ್ಲಿ ಬಾಳಲಾರರೆಂದು ತಿಳಿದು, ಅವರಿಗಾಗಿ ಗದಗಿನ ಬಳಿಯ ಮಳಸಮುದ್ರದಲ್ಲಿ ೧೮೪೧ರಲ್ಲಿ ಒಂದು ಒಕ್ಕಲುಗ್ರಾಮವನ್ನು ಏರ್ಪಡಿಸಿದರು. ಫ್ರೈ ಎಂಬ ಪಾದ್ರಿಯು ಅದರ ಹೊಣೆಯನ್ನು ಹೊತ್ತನು. ನೆಲವು ಸಿದ್ಧವಾಯಿತು; ಮನೆ ಬಾವಿಗಳು ಸಿದ್ಧವಾದುವು; ಕಾಲಜ್ಞಾನದವರು ಬರಲಿಲ್ಲ.

ಇದನ್ನು ಕೇವಲ ಮೋಸವೆಂದು ಹೇಳಿಬಿಡುವುದು ಸರಿಯಲ್ಲ. ಎರಡು ಪಕ್ಷಗಳೂ ಒಂದೇ ಮಾತನ್ನು ಬೇರೆ ಬೇರೆ ಅರ್ಥದಲ್ಲಿ ನಂಬಿದ್ದವು. ಕಾಲಜ್ಞಾನದವರಿಗೆ ಹೊಸ ಧರ್ಮವು ತಮ್ಮ ಹಳೆಯ ವಾಣಿಯ ಸಿದ್ಧಿ. ಗುಂಪು ಗುಂಪಾಗಿಯೇ, ಗುರುಗಳ ಸಮೇತವಾಗಿಯೇ, ಇದ್ದ ಊರಿನಲ್ಲಿಯೇ ನಡೆಯತಕ್ಕ ಮಹಾಪರಿವರ್ತನೆ. ಪಾದ್ರಿಗೆ ಅದು ಒಬ್ಬೊಬ್ಬನ ಅಂತಃಕರಣದಲ್ಲಿ ನಡೆಯತಕ್ಕ ಮಾನಸಾಂತರ. ಬೋಧೆ, ಪರೀಕ್ಷೆ, ಪಾಪದ ಅರಿಕೆಗಳಾದ ಮೇಲೆ ಕೊಡತಕ್ಕ ದೀಕ್ಷಾಸ್ನಾನ. ಇವೆರಡರ ನಡುವೆ, ಯಾವ ಶಬ್ದವೂ ದಾಟಿಸಲಾರದ ಒಂದು ಹೊಳೆಯಿದ್ದಿತು.

೫

ಆ ಹೊಳೆ ಯಾವುದು? ಅದು ಸಹಪಂಕ್ತಿ. ಹತ್ತೊಂಬತ್ತನೆಯ ಶತಮಾನದ ಪ್ರೊಟೆಸ್ಟಂಟ್ ಮಿಶನ್ನುಗಳು ಜಾತಿಯ ವಿಷಯದಲ್ಲಿ ಕ್ರಮೇಣ ಕಠಿಣವಾದವು. ಮೋಗ್ಲಿಂಗನ 'ಜಾತಿವಿಚಾರಣೆ'ಯು ಆ ಭೇದವನ್ನು ಖಂಡಿಸಲೆಂದೇ ಹುಟ್ಟಿದ ಕೃತಿ. ೧೮೫೦ರಲ್ಲಿ ಮದರಾಸಿನ ಮಿಶನರಿಗಳ ಪರಿಷತ್ತು ದೀಕ್ಷಾಸ್ನಾನವನ್ನು ಬೇಡುವವನು ಯಾವ ಜಾತಿಯ ಕ್ರೈಸ್ತನೊಡನೆಯಾದರೂ ಕುಳಿತು ಉಣ್ಣಲು ಸಿದ್ಧನಿರಬೇಕೆಂದು ನಿಶ್ಚಯಿಸಿತು. ಹೀಗೆ ಮಾನಸಾಂತರದ ಪರೀಕ್ಷೆಯು ಮನಸ್ಸಿನಲ್ಲಿ ನಡೆಯುವುದಕ್ಕೆ ಬದಲಾಗಿ ಎಲೆಯ ಮುಂದೆ ನಡೆಯಿತು.

ಲಿಂಗವಂತ ಒಕ್ಕಲಿಗನಿಗೆ ಇದರ ಅರ್ಥವೇನೆಂಬುದನ್ನು ಯೋಚಿಸತಕ್ಕದ್ದು. ಅವನ ಆಚಾರದಲ್ಲಿ ಭವಿಪಾಕವು ನಿಷಿದ್ಧ; ಉಣ್ಣುವ ಅನ್ನವು ಲಿಂಗಕ್ಕೆ ಅರ್ಪಿತವಾಗಿ ಪ್ರಸಾದವಾದ ಮೇಲೆಯೇ ಉಣ್ಣತಕ್ಕದ್ದು. ಲಿಂಗವನ್ನು ತೆಗೆದಿರಿಸಿ ಅನ್ಯರ ಅಡಿಗೆಯನ್ನು ಉಂಡವನು, ಹೊಸದಾಗಿ ಹುಟ್ಟಿದವನಲ್ಲ, ಹಿಂದಿರುಗಿ ಭವಿಯಾದವನು. ಒಂದು ದೀಕ್ಷೆಯ ಪುನರ್ಜನ್ಮವೇ ಇನ್ನೊಂದು ದೀಕ್ಷೆಯ ದೃಷ್ಟಿಯಲ್ಲಿ ಪತನ. ಮನೆಯವರು ಅವನಿಗೆ ನೀರು ಕೊಡರು. ಬೀಗರು ಹೆಣ್ಣು ಕೊಡರು. ಸತ್ತರೆ ಮಠದವರು ಸಮಾಧಿಗೆ ಬರರು. ಸತ್ಯವೇದವು ಹೇಳಿದುದು ಮಾನಸಾಂತರ. ಊರು ಕಂಡುದು ಮತಾಂತರ. ಎರಡು ಶಬ್ದಗಳ ನಡುವೆ ಇರುವ ಈ ಅಂತರವನ್ನು ಬೋಧೆಯೊಂದರಿಂದಲೇ ತುಂಬುವುದು ಸಾಧ್ಯವಾಗಲಿಲ್ಲ.

ಸರ್ಕಾರವು ಕಾನೂನಿನಿಂದ ತುಂಬಲು ನೋಡಿತು. ೧೮೫೦ರ ೨೧ನೆಯ ಆಕ್ಟಿನ ಪ್ರಕಾರ ಮತವನ್ನು ಬಿಟ್ಟವನು ಅಥವಾ ಜಾತಿಯಿಂದ ಹೊರಹಾಕಲ್ಪಟ್ಟವನು ಆ ಕಾರಣದಿಂದ ಪಿತ್ರಾರ್ಜಿತದ ಹಕ್ಕನ್ನು ಕಳೆದುಕೊಳ್ಳತಕ್ಕದ್ದಲ್ಲ. ೧೮೬೬ರ ಆಕ್ಟು, ಕ್ರೈಸ್ತನಾದವನೊಡನೆ ಬಾಳಲು ಪತ್ನಿಯಾಗಲಿ ಪತಿಯಾಗಲಿ ಮತದ ಕಾರಣದಿಂದ ಒಪ್ಪದಿದ್ದರೆ, ಒಂದು ವರ್ಷದ ಅವಧಿಯನ್ನು ಕೊಟ್ಟು ನೋಡಿ ವಿವಾಹವನ್ನು ಬಿಡಿಸಲು ನ್ಯಾಯಾಲಯಕ್ಕೆ ಅಧಿಕಾರವನ್ನು ಕೊಟ್ಟಿತು. ಇಂತಹ ಕಾನೂನು ಏಕೆ ಬೇಕಾಯಿತೆಂಬುದಕ್ಕೆ ಮಂಗಳೂರಿನ ಆನಂದರಾವ್ ಕೌಂಡಿನ್ಯರ ಚರಿತ್ರೆಯೇ ಉದಾಹರಣೆ. ಸಾರಸ್ವತ ಬ್ರಾಹ್ಮಣರಾದ ಅವರು ೧೮೪೪ರ ಜನವರಿ ೬ರಂದು ದೀಕ್ಷಾಸ್ನಾನವನ್ನು ಹೊಂದಿ ಹೆರ್ಮನ್ ಎಂಬ ಹೆಸರನ್ನೂ ತಳೆದರು. ಪತ್ನಿಯು ಅವರೊಡನೆ ಬರಲಿಲ್ಲ. ಅವರು ಬಾಸೆಲ್ಲಿಗೆ ಹೋಗಿ ಓದಿ, ೧೮೫೧ರಲ್ಲಿ ಪಾದ್ರಿಯಾಗಿ ಹಿಂದಿರುಗಿ, ೧೮೬೦ರಲ್ಲಿ ಜರ್ಮನ್ ಕನ್ಯೆಯೊಬ್ಬಳನ್ನು ವಿವಾಹವಾದರು. ವಿಶ್ವಾಸದ ಜೀವನವನ್ನು ಆರಂಭಿಸಿದವನು ಮನೆಯನ್ನು ಮತ್ತೆ ಕಟ್ಟಿಕೊಳ್ಳಲು ಹದಿನಾರು ವರ್ಷ ಹಿಡಿಯಿತು.

ಈ ಕಾನೂನು ಬ್ರಿಟಿಷ್ ಆಳಿಕೆಯ ನೆಲಕ್ಕೆ ಸಂಬಂಧಿಸಿದ್ದು. ಪರಸಗಡ ತಾಲೂಕಿನ ಹಳ್ಳಿಯಲ್ಲಿದ್ದವನು ಅದರ ಆಶ್ರಯವನ್ನು ಹೊಂದಬಹುದಾಗಿದ್ದಿತು. ಅವನ ನೆರೆಯ ರಾಮದುರ್ಗ ಸಂಸ್ಥಾನದ ಪ್ರಜೆಗೆ ಅದು ತಾನಾಗಿ ಅನ್ವಯಿಸುತ್ತಿರಲಿಲ್ಲ. ೧೮೫೮ರಲ್ಲಿ ರಾಮದುರ್ಗದವರ ದಾಯಾದಿಯಾದ ನರಗುಂದದ ಭಾಸ್ಕರರಾವ್ ಬಂಡೆದ್ದು, ರಾಮದುರ್ಗದ ಬಳಿಯ ಸುರೇಬಾನದಲ್ಲಿ ಏಜೆಂಟ್ ಮ್ಯಾನ್ಸನ್ ಹತನಾದನು. ಭಾಸ್ಕರರಾವನನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು. ಅದೇ ವರ್ಷ ನವೆಂಬರಿನಲ್ಲಿ ಹೊರಟ ವಿಕ್ಟೋರಿಯಾ ರಾಣಿಯ ಘೋಷಣೆಯು ಪ್ರಜೆಗಳ ಮತವಿಚಾರದಲ್ಲಿ ಅಧಿಕಾರಿಗಳು ಕೈಹಾಕಬಾರದೆಂದು ವಿಧಿಸಿತು. ಹಕ್ಕನ್ನು ಕಾನೂನು ಕೊಟ್ಟಿತು. ಎಲೆಯನ್ನು ಹಾಕಿಸುವ ಶಕ್ತಿ ಅದಕ್ಕಿರಲಿಲ್ಲ.

ಮನೆಯನ್ನೂ ಕಸುಬನ್ನೂ ಕಳೆದುಕೊಂಡು ಬಂದವರನ್ನು ಸಲಹುವ ಭಾರವು ಮಿಶನ್ನಿನ ಮೇಲೆ ಬಿದ್ದಿತು. ಕರಾವಳಿಯಲ್ಲಿ ನೇಯ್ಗೆಯ ಮಗ್ಗಗಳೂ, ೧೮೬೫ರಲ್ಲಿ ಮಂಗಳೂರಿನ ಹಂಚಿನ ಕಾರ್ಖಾನೆಯೂ ಈ ಅಗತ್ಯದಿಂದಲೇ ಹುಟ್ಟಿದವು. ಮಳಸಮುದ್ರದ ಒಕ್ಕಲುಗ್ರಾಮವು ಅದೇ ಆಲೋಚನೆಯ ಮೊದಲ ರೂಪವಾಗಿದ್ದಿತು.

೬

ಆದರೆ ಪಂಕ್ತಿಯು ಎಲ್ಲರಿಗೂ ಒಂದೇ ಬಗೆಯಾಗಿ ಕಾಣಲಿಲ್ಲ. ಮಠದ ಪಂಕ್ತಿಯಲ್ಲಿಯೂ ಗೌಡನ ಪಡಸಾಲೆಯಲ್ಲಿಯೂ ಎಂದೂ ಎಲೆಯನ್ನು ಕಾಣದವರು ಪ್ರತಿಯೊಂದು ಊರಿನ ಹೊರಗೂ ಇದ್ದರು. ಊರಿನ ಓಲೆಕಾರಿಕೆ, ಸತ್ತ ದನವನ್ನು ಹೊರುವುದು, ಚರ್ಮದ ಕೆಲಸ ಇವು ಅವರ ಪಾಲು. ಬಾವಿ ಮತ್ತು ಗುಡಿ ಇತರರ ಪಾಲು. ದೀಕ್ಷೆಯಿಂದ ಪೂರ್ವಾಶ್ರಯವು ಕಳೆಯುವುದೆಂದು ಹನ್ನೆರಡನೆಯ ಶತಮಾನದ ಶರಣರು ಸಾರಿದ್ದರು. ಹತ್ತೊಂಬತ್ತನೆಯ ಶತಮಾನದ ಹಳ್ಳಿಯಲ್ಲಿ ಆ ದೀಕ್ಷೆಯು ಕೇರಿಯ ಎಲ್ಲೆಯನ್ನು ದಾಟಿ ಹೋಗುತ್ತಿರಲಿಲ್ಲ.

ಇವರಿಗೆ ತೆರೆದಿದ್ದ ಒಂದು ದೈವಸನ್ನಿಧಿಯೆಂದರೆ ಸವದತ್ತಿಯ ಎಲ್ಲಮ್ಮನ ಗುಡ್ಡ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳಲ್ಲಿ ಅಲ್ಲಿಗೆ ಬರುವ ಜನಸಮೂಹದಲ್ಲಿ ಎಲ್ಲ ಕುಲದವರೂ ಇರುವರು. ಆದರೆ ಅಲ್ಲಿಯೂ ಒಂದು ದೀಕ್ಷೆಯಿದ್ದಿತು: ಬಾಲೆಯರ ಕೊರಳಿಗೆ ಮುತ್ತು ಕಟ್ಟಿ ದೇವಿಗೆ ಬಿಡುವ ಪದ್ಧತಿ. ಅದರ ಭಾರವು ಹೆಚ್ಚಾಗಿ ಈ ಕೇರಿಗಳ ಹೆಣ್ಣುಮಕ್ಕಳ ಮೇಲೆಯೇ ಬಿದ್ದಿತು. ಮುಂಬಯಿ ಸರ್ಕಾರದ ೧೯೩೪ರ ಕಾನೂನೂ ಕರ್ನಾಟಕ ಸರ್ಕಾರದ ೧೯೮೨ರ ಕಾನೂನೂ ಇದನ್ನು ನಿಷೇಧಿಸಿದವು. ಜಾತ್ರೆಗಳಲ್ಲಿ ನಿಂತು ಬೋಧಿಸುವುದು ಎರಡೂ ಮಿಶನ್ನುಗಳ ರೂಢಿಯಾಗಿದ್ದಿತು. ದೇವತೆಗೆ ಬಿಟ್ಟವರ ಈ ನಾಡಿನಲ್ಲಿ 'ಬಿಡುಗಡೆ'ಯ ಮಾತು ಯಾವ ಕಿವಿಗಳಲ್ಲಿ ಹೇಗೆ ಕೇಳಿಸಿರಬಹುದೆಂಬುದನ್ನು ಊಹಿಸುವುದು ಕಷ್ಟವಲ್ಲ.

೧೮೭೬-೭೮ರ ಘೋರ ಕ್ಷಾಮವು ಮುಂಬಯಿ ಕರ್ನಾಟಕವನ್ನು ಬರಿದುಮಾಡಿತು. ತಬ್ಬಲಿಗಳಾದ ಮಕ್ಕಳನ್ನು ಮಿಶನ್ನುಗಳು ಅನಾಥಾಲಯಗಳಲ್ಲಿ ಸಾಕಿದವು. ಅವರಲ್ಲಿ ಅನೇಕರು ಸಭೆಗೆ ಸೇರಿದರು. ೧೯೦೪ರಲ್ಲಿ ಲಂಡನ್ ಮಿಶನ್ ಬೆಳಗಾವಿಯ ಕೆಲಸವನ್ನು ಅಮೆರಿಕದ ಮೆಥೊಡಿಸ್ಟ್ ಎಪಿಸ್ಕೊಪಲ್ ಸಭೆಗೆ ಒಪ್ಪಿಸಿತು. ಆ ಮೇಲೆ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ ಬೆಳೆದ ಸಭೆಗಳಿಗೆ ಸೇರಿದವರು ಬಹುಮಟ್ಟಿಗೆ ಅಸ್ಪೃಶ್ಯರೆಂದು ಎಣಿಸಲ್ಪಟ್ಟ ಕೇರಿಗಳವರು. ಕಾಲಜ್ಞಾನದವರು ಬಯಸಿದ್ದಂತೆ, ಇಲ್ಲಿ ಒಬ್ಬೊಬ್ಬರಾಗಿ ಅಲ್ಲ, ಮನೆತನ ಮನೆತನವಾಗಿಯೇ ಬರುವುದು ಸಾಧ್ಯವಾಯಿತು. ಇದ್ದ ಊರನ್ನು ಬಿಡಬೇಕಾಗಲಿಲ್ಲ, ಏಕೆಂದರೆ ಊರು ಅವರನ್ನು ಮೊದಲೇ ಹೊರಗಿಟ್ಟಿದ್ದಿತು.

ಇಲ್ಲಿ ಹಳೆಯ ಆಕ್ಷೇಪವು ಏಳುತ್ತದೆ: ಇವರು ಅನ್ನಕ್ಕಾಗಿ ಬಂದವರು, ಆತ್ಮಕ್ಕಾಗಿ ಅಲ್ಲ. ಕ್ಷಾಮದ ಕಾಲದಲ್ಲಿ ಅನ್ನದ ಆಕರ್ಷಣೆ ಇರಲಿಲ್ಲವೆಂದು ಯಾರೂ ಹೇಳಲಾರರು. ಹಾಗೆ ಬಂದವರಲ್ಲಿ ಕೆಲವರು ಹಿಂದಿರುಗಿದುದೂ ಉಂಟು. ಆದರೆ ಈ ಆಕ್ಷೇಪವು ಅನ್ನವನ್ನೂ ಆತ್ಮವನ್ನೂ ಬೇರ್ಪಡಿಸಿ ನೋಡುತ್ತದೆ. ಲಿಂಗವಂತನು ಕ್ರೈಸ್ತನ ಎಲೆಯಿಂದ ಹಿಂದೆ ಸರಿದಾಗ ಅದನ್ನು ಧರ್ಮನಿಷ್ಠೆಯೆನ್ನುವವರು, ಕೇರಿಯವನು ಅದೇ ಎಲೆಗೆ ಮುಂದೆ ಬಂದಾಗ ಅದನ್ನು ಹೊಟ್ಟೆಬಾಕತನವೆನ್ನುವುದು ನ್ಯಾಯವಲ್ಲ. ಇಬ್ಬರಿಗೂ ಎಲೆಯು ಎಲೆ ಮಾತ್ರವಾಗಿರಲಿಲ್ಲ. ಪ್ರೊಟೆಸ್ಟಂಟರು ತಮ್ಮ ಸಂಸ್ಕಾರವನ್ನು 'ಕರ್ತನ ಭೋಜನ'ವೆಂದರು, ಕಥೋಲಿಕರು 'ಪರಮಪ್ರಸಾದ'ವೆಂದರು. ಒಂದೇ ರೊಟ್ಟಿಯಲ್ಲಿ, ಒಂದೇ ಪಾತ್ರೆಯಲ್ಲಿ ಪಾಲು ಪಡೆಯುವುದು ತಲೆಮಾರುಗಳಿಂದ ದೂರದಿಂದ ಎಸೆದುದನ್ನು ಎತ್ತಿಕೊಂಡವನಿಗೆ ರಕ್ಷಣೆಯ ಬೆಲೆಯಲ್ಲ, ರಕ್ಷಣೆಯೇ ಆಗಿದ್ದಿರಬಹುದು.

ಇಷ್ಟು ಹೇಳಿದ ಮೇಲೆ ಇನ್ನೊಂದು ಸತ್ಯವನ್ನೂ ಹೇಳಬೇಕು. ಸಭೆಯೊಳಗೆ ಬಂದ ಮೇಲೆಯೂ ಹಳೆಯ ಕುಲಗಳ ನೆನಪು ಅಳಿಯಲಿಲ್ಲ. ಹೆಣ್ಣು ಕೊಡುವಾಗ ತರುವಾಗ ಅದು ತಲೆಯೆತ್ತಿತು. ಸ್ವತಂತ್ರ ಭಾರತದಲ್ಲಿಯೂ ಪಂಕ್ತಿಯ ಪ್ರಶ್ನೆಯು ಇನ್ನೊಂದು ರೂಪದಲ್ಲಿ ನಿಂತಿತು. ೧೯೫೦ರ ರಾಷ್ಟ್ರಪತಿಯ ಆಜ್ಞೆಯ ಪ್ರಕಾರ ಪರಿಶಿಷ್ಟ ಜಾತಿಯ ಸ್ಥಾನವು ಹಿಂದೂಗಳಿಗೆ ಸೀಮಿತವಾಯಿತು. ೧೯೫೬ರಲ್ಲಿ ಸಿಕ್ಖರಿಗೂ ೧೯೯೦ರಲ್ಲಿ ಬೌದ್ಧರಿಗೂ ಅದು ವಿಸ್ತರಿಸಿತು. ಕ್ರೈಸ್ತರು ಹೊರಗೆ ಉಳಿದರು. ಮತವನ್ನು ಬಿಟ್ಟವನು ಹಕ್ಕನ್ನು ಕಳೆದುಕೊಳ್ಳನೆಂದು ೧೮೫೦ರ ಕಾನೂನು ಹೇಳಿದ್ದಿತು. ನೂರು ವರ್ಷಗಳ ತರುವಾಯದ ಆಜ್ಞೆಯಿಂದ, ಆ ಕೇರಿಯವನೇ ದೀಕ್ಷಾಸ್ನಾನವನ್ನು ಹೊಂದಿದರೆ ಒಂದು ಸ್ಥಾನವನ್ನು ಕಳೆದುಕೊಳ್ಳುವಂತಾಯಿತು. ವಿಶ್ವಾಸದ ಆರಂಭಕ್ಕೆ ಬೆಲೆ ತೆರುವವರು ಬದಲಾದರೇ ಹೊರತು ಬೆಲೆಯು ತೀರಿಹೋಗಲಿಲ್ಲ.

೭

ಶಬ್ದಗಳ ಕಥೆಯು ಇಷ್ಟಕ್ಕೇ ಮುಗಿಯಲಿಲ್ಲ. ಪಾದ್ರಿಗಳು ಬೋಧನೆಯ ಅಗತ್ಯಕ್ಕಾಗಿ ಎತ್ತಿಕೊಂಡ ಕನ್ನಡದ ಹಳೆಯ ಮಾತುಗಳು ಮುಂದಿನ ತಲೆಮಾರಿನ ಕನ್ನಡ ಕ್ರೈಸ್ತರಲ್ಲಿ ಬೇರೂರಿ ಬೇರೆಯೇ ಫಲವನ್ನು ಕೊಟ್ಟವು. ೧೮೮೧ರಲ್ಲಿ ಧಾರವಾಡದಲ್ಲಿ ಹುಟ್ಟಿ ಬಾಸೆಲ್ ಮಿಶನ್ನಿನ ಪಾದ್ರಿಗಳಾದ ಉತ್ತಂಗಿ ಚೆನ್ನಪ್ಪನವರು ೧೯೨೪ರಲ್ಲಿ ಸರ್ವಜ್ಞನ ವಚನಗಳನ್ನು ಸಂಪಾದಿಸಿ ಪ್ರಕಟಿಸಿದರು. 'ಬನಾರಸಕ್ಕೆ ಬೆತ್ಲೆಹೇಮಿನ ವಿನಂತಿ'ಯೆಂದು ಅವರು ಒಂದು ಗ್ರಂಥಕ್ಕೆ ಹೆಸರಿಟ್ಟರು. ವಿನಂತಿಯೆಂಬ ಆ ಶಬ್ದದಲ್ಲಿಯೇ ಒಂದು ಶತಮಾನದ ವ್ಯತ್ಯಾಸವಿದೆ: ಬೋಧಿಸಲು ಬಂದ ಧರ್ಮವು ಈಗ ಬಿನ್ನಹ ಮಾಡಿಕೊಳ್ಳುವ ಧರ್ಮವಾಯಿತು. ಕನ್ನಡ ನಾಡು ಅವರನ್ನು ೧೯೪೯ರ ಗುಲ್ಬರ್ಗದ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರನ್ನಾಗಿ ಮಾಡಿ ಗೌರವಿಸಿತು. ಕ್ರಿಸ್ತನಲ್ಲಿ ನಂಬಿಕೆಯನ್ನು ಬಿಡದೆಯೇ ಶರಣರ ಮಾತಿಗೆ ಮಗನಾಗಿ ಉಳಿಯಬಹುದೆಂಬುದನ್ನು ಅವರ ಬಾಳು ತೋರಿಸಿತು.

ಇನ್ನೊಂದು ದಾರಿಯು ಬೈಲಹೊಂಗಲ ತಾಲೂಕಿನ ದೇಶನೂರಿನಲ್ಲಿ ಕಾಣಬಂದಿತು. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಯೇಸುಸಭೆಯ ಕಥೋಲಿಕ ಸಂನ್ಯಾಸಿಗಳು ಅಲ್ಲಿ ಕಾವಿಯನ್ನುಟ್ಟು, ಶಾಕಾಹಾರವನ್ನು ಕೈಕೊಂಡು, ವಿರಕ್ತಮಠದ ರೀತಿಯಲ್ಲಿ ಬಾಳಿದರು. ಹತ್ತೊಂಬತ್ತನೆಯ ಶತಮಾನದ ಬೋಧಕರು ಶಬ್ದವನ್ನು ತೆಗೆದುಕೊಂಡು ಊಟದಲ್ಲಿ ನಿಷ್ಠುರರಾಗಿ ನಿಂತರು; ಇವರು ತಾವೇ ನಾಡಿನ ಊಟಕ್ಕೆ ಬಂದರು. ಜಾತಿಯನ್ನು ಮುರಿಯಬೇಕಾದ ಧರ್ಮವು ಶ್ರೇಷ್ಠರೆನ್ನಿಸಿಕೊಂಡವರ ಆಚಾರವನ್ನು ತಳೆದರೆ ಕೇರಿಯವರಿಗೆ ಅದು ಏನನ್ನು ಹೇಳುತ್ತದೆಂಬ ಪ್ರಶ್ನೆಯು ಇಲ್ಲಿ ಉಳಿಯುತ್ತದೆ. ಎರಡು ಕ್ರಮಗಳಲ್ಲಿಯೂ ಲಾಭವುಂಟು, ಎರಡರಲ್ಲಿಯೂ ನಷ್ಟವುಂಟು.

ಒಟ್ಟಿನಲ್ಲಿ ಹೇಳಬಹುದಾದುದು ಇಷ್ಟು. ಮಲಪ್ರಭೆಯ ದಡದಲ್ಲಿ ಕ್ರೈಸ್ತ ರಕ್ಷಣೆಯ ಬೋಧೆಯು ಬರಿದಾದ ನೆಲದಲ್ಲಿ ಬಿದ್ದ ಬೀಜವಲ್ಲ. ದೀಕ್ಷೆಯೆಂದರೇನು, ಮತ್ತೆ ಹುಟ್ಟುವುದೆಂದರೇನು ಎಂಬುದನ್ನು ಆ ನಾಡು ಏಳು ಶತಮಾನಗಳಿಂದ ಬಲ್ಲುದಾಗಿದ್ದಿತು. ಆದುದರಿಂದ ಹೊಸ ಬೋಧೆಯನ್ನು ಅದು ಕೂಡಲೆ ಅರಿತಿತು. ಅರಿತುದರಿಂದಲೇ ಅದರ ಬೆಲೆಯನ್ನೂ ಅರಿತಿತು. ಪಂಕ್ತಿಯೊಳಗಿದ್ದವನು ಆ ಬೆಲೆಯನ್ನು ತೆರಲು ಹಿಂಜರಿದನು. ಪಂಕ್ತಿಯ ಹೊರಗಿದ್ದವನು ತೆತ್ತನು. ಯಾವುದೇ ದೀಕ್ಷೆಯು ಮನುಷ್ಯನನ್ನು ನಿಜವಾಗಿ ಹೊಸದಾಗಿ ಹುಟ್ಟಿಸಿತೇ ಎಂಬುದನ್ನು ಅಳೆಯಲು, ಅವನು ಹೇಳುವ ಮಂತ್ರಕ್ಕಿಂತಲೂ ಅವನು ಯಾರೊಡನೆ ಕುಳಿತು ಉಣ್ಣುತ್ತಾನೆಂಬುದೇ ನಂಬತಕ್ಕ ಪ್ರಮಾಣವೆಂದು ಈ ನಾಡಿನ ಇತಿಹಾಸವು ತಿಳಿಸುತ್ತದೆ. ಶರಣರ ದೀಕ್ಷೆಗೂ ಕ್ರಿಸ್ತನ ದೀಕ್ಷೆಗೂ ಈ ಪ್ರಮಾಣವು ಸಮಾನವಾಗಿ ಸಲ್ಲುತ್ತದೆ.